ತೈ ಚಿ ಶಿಬಿರದಲ್ಲಿ ಮೊದಲು ಕಾಲು ತಿದ್ದಿಸಿಕೊಳ್ಳಿ

ನಿಧಾನ ಚಲನೆಯ ಚೀನೀ ಸಮರಕಲೆ ತೈ ಚಿಯ 24 ಭಂಗಿಗಳ ಫಾರ್ಮ್ (ಒಂದಾದ ಮೇಲೊಂದು ಬಿಡದೆ ಮಾಡುವ ಭಂಗಿಗಳ ಸರಣಿ) ಪೂರ್ತಿ ಬರುತ್ತದೆ, ಆದರೂ ಎಲ್ಲೋ ತೂರಾಡಿದ ಹಾಗಾಗುತ್ತದೆ, ಎರಡು ದಿನದ ಗುಂಪು ಶಿಬಿರಕ್ಕೆ ಹೋದರೆ ಪ್ರಯೋಜನ ಇದೆಯಾ ಎಂದು ಕೇಳಿದ್ದೀರಿ. ಇದೆ, ಖಂಡಿತ ಹೋಗಿ. ನಾನು ಹಲವು ವರ್ಷಗಳಿಂದ ತೈ ಚಿಯ ಮುಖ್ಯ ಶೈಲಿಗಳಲ್ಲಿ ಒಂದಾದ ಯಾಂಗ್ ಶೈಲಿ ಅಭ್ಯಾಸ ಮಾಡುತ್ತಿದ್ದೇನೆ. ನನ್ನ ಸಲಹೆ ಒಂದೇ: ಹೊಸ ಭಂಗಿ ಕಲಿಯುವ ಆಸೆ ಬದಿಗಿಟ್ಟು, ಹೆಜ್ಜೆ ಸರಿಮಾಡಿಸಿಕೊಳ್ಳಿ.

ನಮ್ಮೆಲ್ಲರ ಗಮನ ಕೈ ಮೇಲೇ ಜಾಸ್ತಿ. ತೊಡಕು ಇರುವುದು ಪಾದದಲ್ಲಿ, ತೊಡೆಸಂದಿನಲ್ಲಿ. ಹೆಜ್ಜೆ ಮುಂದಿಡುತ್ತಾ ಒಂದು ಕೈ ಮಂಡಿಯ ಮುಂದೆ ಸವರಿ, ಇನ್ನೊಂದು ಕೈ ಮುಂದಕ್ಕೆ ತಳ್ಳುವ ‘ಬ್ರಷ್ ನೀ’ ಭಂಗಿಯನ್ನೇ ನೋಡಿ. ಮುಂದಿಟ್ಟ ಪಾದ ಹಿಂದಿನ ಪಾದದ ಗೆರೆಯಲ್ಲೇ ಬಿದ್ದರೆ ಹಗ್ಗದ ಮೇಲೆ ನಿಂತ ಹಾಗೆ ಮೈ ಅಲುಗುತ್ತದೆ. ಎರಡೂ ಪಾದಗಳ ನಡುವೆ ಅಡ್ಡಕ್ಕೆ ಹೆಚ್ಚುಕಡಿಮೆ ಒಂದು ಗೇಣು ಜಾಗ ಬಿಡಿ. ಮೊದಲು ಹಿಮ್ಮಡಿ ನೆಲ ಮುಟ್ಟಬೇಕು, ಆಗ ಅದರ ಮೇಲೆ ಭಾರ ಇರಬಾರದು. ಅಲ್ಲೇ ನಿಂತು, ಮೈ ವಾಲಿಸದೆ ಆ ಕಾಲನ್ನು ಮತ್ತೆ ಎತ್ತಿ ನೋಡಿ. ಎತ್ತಲು ಆಗದಿದ್ದರೆ ಭಾರ ಬೇಗ ಮುಂದೆ ಹೋಗಿದೆ ಅಂತ ಅರ್ಥ. ಯಾಂಗ್ ಶೈಲಿಯ ಹೆಸರಾಂತ ಗುರು ಯಾಂಗ್ ಚೆಂಗ್‌ಫು ಹೇಳಿಕೊಟ್ಟ ಹತ್ತು ಮುಖ್ಯ ಅಂಶಗಳಲ್ಲಿ ‘ಖಾಲಿ, ತುಂಬಿದ್ದು’ (ಭಾರ ಇಲ್ಲದ್ದು, ಭಾರ ಹೊತ್ತದ್ದು) ಎರಡನ್ನೂ ಬೇರೆ ಮಾಡುವುದೂ ಒಂದು. ಅದನ್ನು ಕಾಲಿನಲ್ಲಿ ಅನುಭವಿಸುವುದು ಹೀಗೆ.

ಆಮೇಲೆ ನಿಧಾನವಾಗಿ ಮುಂದಕ್ಕೆ ಬನ್ನಿ. ಮುಂದಿನ ಕಾಲಿಗೆ ಸುಮಾರು ಶೇಕಡ 70ರಷ್ಟು ಭಾರ ಬಂದರೆ ಸಾಕು. ಮಂಡಿ ಕಾಲ್ಬೆರಳು ತೋರಿಸುವ ದಿಕ್ಕಿಗೇ ಇರಲಿ, ಬೆರಳ ತುದಿ ದಾಟಬಾರದು. ಸೊಂಟ ತಿರುಗುವಾಗ ತೊಡೆಸಂದು ಸಡಿಲ ಇಲ್ಲದಿದ್ದರೆ ಆ ತಿರುಚು ಮಂಡಿಗೆ ಇಳಿದು, ಮಂಡಿ ಒಳಕ್ಕೆ ಬಾಗುತ್ತದೆ. ಮಂಡಿನೋವಿಗೆ ಅದೇ ದಾರಿ. ವಿಡಿಯೋ ನೋಡಿ ಕಲಿಯುವಾಗ ಇದು ನಮಗೇ ಗೊತ್ತಾಗುವುದಿಲ್ಲ. ಹಾಗಾಗಿ ಶಿಕ್ಷಕರಿಗೆ, “ಎದುರಿಗೆ ನಿಂತು ನನ್ನ ಮಂಡಿ ಒಮ್ಮೆ ನೋಡಿ” ಅಂತ ಬಾಯಿಬಿಟ್ಟು ಕೇಳಿ. ಸಂಕೋಚ ಬೇಡ, ದುಡ್ಡು ಕೊಟ್ಟು ಹೋಗುವುದೇ ಅದಕ್ಕೆ ಅಲ್ವಾ.

ಗುಂಪಿನಿಂದ ಸಿಗುವ ದೊಡ್ಡ ಲಾಭ ಜೊತೆಗಾರರ ಕೈ. ಮುಂಗೈಯನ್ನು ಎದೆಯ ಮುಂದೆ ಕಮಾನಿನಂತೆ ಹಿಡಿಯುವ ‘ಪೆಂಗ್’ ಭಂಗಿಯಲ್ಲಿ ನಿಂತು, ಮುಂಗೈ ಮೇಲೆ ಮೆಲ್ಲಗೆ ಒತ್ತಲು ಒಬ್ಬರಿಗೆ ಹೇಳಿ. ಭುಜ ಮೇಲೇರುತ್ತದಾ? ಸೊಂಟ ಹಿಂದಕ್ಕೆ ಮುರಿಯುತ್ತದಾ? ಒತ್ತಡ ಹಿಂದಿನ ಪಾದದವರೆಗೆ ಇಳಿಯಬೇಕು, ಇಳಿಯುತ್ತದಾ? ಭುಜ ಇಳಿಸಿ, ಮೊಣಕೈ ಜೋತುಬಿಟ್ಟು ಮತ್ತೆ ಒತ್ತಿಸಿಕೊಳ್ಳಿ. ವ್ಯತ್ಯಾಸ ಆಗಲೇ ತಿಳಿಯುತ್ತದೆ. ಒತ್ತುವವರು ಬೇರೆ ಬೇರೆ ಎತ್ತರ, ತೂಕದವರಾದಷ್ಟೂ ಒಳ್ಳೆಯದು.

ಶಿಕ್ಷಕರು ಯಾವ ಶೈಲಿಯವರು ಎಂದು ಮೊದಲೇ ವಿಚಾರಿಸಿ. 1956ರಲ್ಲಿ ಚೀನಾದಲ್ಲಿ ರೂಪಿಸಿದ ನಿಮ್ಮ 24ರ ಫಾರ್ಮ್ ಯಾಂಗ್ ಶೈಲಿಯದ್ದು, ಅದರಲ್ಲಿ ಬೆನ್ನು ನೇರ. ವೂ ಜಿಯಾನ್‌ಚುವಾನ್ ಅವರ ವೂ ಶೈಲಿಯಲ್ಲಿ ಮೈ ಸ್ವಲ್ಪ ಮುಂದಕ್ಕೆ ಓರೆ ಇರುತ್ತದೆ. ಎರಡೂ ಸರಿಯೇ, ಆದರೆ ಬೆರೆಸಿದರೆ ಗೊಂದಲ.

ಇನ್ನೊಂದು ಸಣ್ಣ ವಿಷಯ. ಸಾಲಿನಲ್ಲಿ ತೀರಾ ಮುಂದೆಯೂ ಬೇಡ, ತೀರಾ ಹಿಂದೆಯೂ ಬೇಡ, ನಡುವೆ ನಿಲ್ಲಿ. ಫಾರ್ಮ್‌ನ ಕೊನೆಯ ಭಾಗದಲ್ಲಿ ದಿಕ್ಕು ತಿರುಗಿದಾಗಲೂ ಕಣ್ಣೆದುರು ಯಾರಾದರೂ ಇರುತ್ತಾರೆ. ಈಗಾಗಲೇ ಮಂಡಿನೋವಿದ್ದರೆ ಮೊದಲ ದಿನವೇ ಶಿಕ್ಷಕರಿಗೆ ತಿಳಿಸಿ, ಪಕ್ಕದವರು ಮಂಡಿ ಬಗ್ಗಿಸಿ ಎಷ್ಟೇ ಕೆಳಗಿಳಿದರೂ ನೀವು ಎತ್ತರದ ನಿಲುವಿನಲ್ಲೇ ಮಾಡಿ.