ಕ್ಷಮಿಸಿದ ಮೇಲೂ ಕೋಪ ಬಂದರೆ ಆ ಕ್ಷಮೆ ಸುಳ್ಳೇ?

ನೀವು ಕೇಳಿದ್ದು ಇಷ್ಟು: ಒಡಹುಟ್ಟಿದ ಅಣ್ಣನೇ ಆಸ್ತಿಯಲ್ಲಿ ಮೋಸ ಮಾಡಿದ. ಪ್ರಾರ್ಥನೆಯಲ್ಲಿ ಎಷ್ಟೋ ಸಲ 'ಕ್ಷಮಿಸಿದ್ದೇನೆ ಕರ್ತನೇ' ಅಂದಿದ್ದೀರಿ, ಆದರೂ ಅವನ ದನಿ ಕೇಳಿದರೆ ಮೈ ಉರಿಯುತ್ತದೆ. ಹಾಗಾದರೆ ನನ್ನ ಕ್ಷಮೆ ಸುಳ್ಳೇ?

ಸುಳ್ಳಲ್ಲ. ಸಮಾಧಾನಕ್ಕೆ ಹೇಳುತ್ತಿರುವ ಮಾತಲ್ಲ ಇದು, ನಾನೂ ಇದೇ ಪ್ರಶ್ನೆ ಹೊತ್ತು ಆರು ವರ್ಷ ನಡೆದಿದ್ದೇನೆ. ನಮ್ಮದೇ ಪ್ರಾರ್ಥನಾ ಗುಂಪಿನ ಗೆಳೆಯನೊಬ್ಬನ ಮುಂದೆ ಅತ್ತು ಹೇಳಿಕೊಂಡಿದ್ದ ಮನೆಯ ವಿಷಯವನ್ನು ಅವನು ಊರಿಗೆಲ್ಲ ಹಂಚಿದ. ಅದರಿಂದ ನನ್ನ ತಂಗಿಯ ಮದುವೆ ಮಾತುಕತೆಯೇ ಮುರಿದುಬಿತ್ತು. ಆಗ ನಾನು ಮಾಡಿದ ತಪ್ಪೆಂದರೆ, 'ಹೋಗಲಿ ಬಿಡು, ಅದೇನು ಮಹಾ' ಅಂದುಕೊಂಡು ಅದನ್ನೇ ಕ್ಷಮೆ ಎಂದು ತಿಳಿದದ್ದು.

ಬೈಬಲಿನ ಮತ್ತಾಯ 18ರಲ್ಲಿ ಯೇಸು ಹೇಳಿದ ಸಾಲದ ಸಾಮ್ಯ, ಅಂದರೆ ದೃಷ್ಟಾಂತ ಕಥೆ, ನಿಮಗೆ ಗೊತ್ತೇ ಇರುತ್ತದೆ. ಆಳೊಬ್ಬ ಅರಸನಿಗೆ ಕೊಡಬೇಕಿದ್ದ 10,000 ತಲಾಂತು (ಆಗಿನ ದೊಡ್ಡ ಹಣದ ಅಳತೆ) ಸಾಲವನ್ನು ಅರಸನು ಮನ್ನಾ ಮಾಡಿದ, ಅದೇ ಆಳು ಹೊರಗೆ ಬಂದು ತನಗೆ 100 ದೀನಾರಿ ಕೊಡಬೇಕಿದ್ದ ಜೊತೆಯಾಳಿನ ಕುತ್ತಿಗೆ ಹಿಡಿದ. 'ಚಿಲ್ಲರೆ ಸಾಲಕ್ಕೆ ಇಷ್ಟು ರಂಪವೇ' ಎಂಬ ಪ್ರಸಂಗವನ್ನು ನಾನು ಬಹಳ ಸಲ ಕೇಳಿದ್ದೇನೆ. ಆದರೆ ಒಂದು ದೀನಾರಿ ಎಂದರೆ ಕೂಲಿಯವನ ಒಂದು ದಿನದ ಸಂಬಳ. ನೂರು ದೀನಾರಿ ಎಂದರೆ ಮೂರು ತಿಂಗಳಿಗೂ ಮೀರಿದ ದುಡಿಮೆ. ಯೇಸು ಅದನ್ನು ಚಿಲ್ಲರೆ ಎನ್ನಲಿಲ್ಲ. ಒಂದು ತಲಾಂತಿಗೆ ಸುಮಾರು 6,000 ದೀನಾರಿ ಎಂದು ಲೆಕ್ಕ ಹಾಕಿದರೆ ಅರಸನು ಬಿಟ್ಟದ್ದು 6 ಕೋಟಿ ದಿನಗಳ ಕೂಲಿ. ಅದರ ಪಕ್ಕದಲ್ಲಿಟ್ಟಾಗ ಮಾತ್ರ ನಮಗೆ ಬರಬೇಕಾದದ್ದು ಕಿರಿದಾಗಿ ಕಾಣುತ್ತದೆ, ಆದರೆ ಅದು ಸೊನ್ನೆಯಾಗುವುದಿಲ್ಲ. ಆದ್ದರಿಂದ ಮೊದಲು ಎಣಿಸಿ. ಅಣ್ಣ ನಿಮ್ಮಿಂದ ಏನು ಕಿತ್ತುಕೊಂಡ? ಬರೀ ನೆಲವೇ, ಅವನ ಮೇಲಿದ್ದ ಭರವಸೆಯೇ, ಹಬ್ಬಕ್ಕೆ ಹೋಗಲು ಇದ್ದ ಒಂದು ತವರೇ? ಎಣಿಸದ ಸಾಲವನ್ನು ಮನ್ನಾ ಮಾಡಲಾಗುವುದಿಲ್ಲ. ನಾನು ಒಂದು ರಾತ್ರಿ ಕೂತು ಎಲ್ಲವನ್ನೂ ಬರೆದೆ. ಎರಡು ಹಾಳೆ ತುಂಬಿತು. ಅದನ್ನು ಮುಂದಿಟ್ಟುಕೊಂಡು 'ಕರ್ತನೇ, ಇಷ್ಟನ್ನೂ ಬಿಡುತ್ತೇನೆ' ಅಂದಾಗ ಬಾಯಿಗೆ ಮೊದಲ ಬಾರಿ ಮಾತಿನ ಭಾರ ತಿಳಿಯಿತು.

ಮತ್ತೆ ಬರುವ ಕೋಪದ ವಿಷಯಕ್ಕೆ ಬೈಬಲಿನ ಯೋಸೇಫನನ್ನು ನೋಡಿ. ಅಣ್ಣಂದಿರು ಅವನನ್ನು 20 ಬೆಳ್ಳಿ ನಾಣ್ಯಕ್ಕೆ ಮಾರಿದ್ದರು. ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ಚೊಚ್ಚಲ ಮಗನಿಗೆ ಅವನು ಮನಸ್ಸೆ ಎಂದು ಹೆಸರಿಟ್ಟ, ನನ್ನ ಕಷ್ಟವನ್ನೂ ತಂದೆಯ ಮನೆಯನ್ನೂ ದೇವರು ಮರೆಸಿದ್ದಾನೆ ಎಂಬ ಅರ್ಥದಲ್ಲಿ. ಮರೆತೇಬಿಟ್ಟೆ ಅಂದುಕೊಂಡಿದ್ದವನ ಮುಂದೆ ಬರಗಾಲದಲ್ಲಿ ಅದೇ ಅಣ್ಣಂದಿರು ಬಂದು ನಿಂತರು. ಬಿರುಸಾಗಿ ಮಾತಾಡಿದ, ಆಮೇಲೆ ಅವರಿಂದ ಆಚೆ ಹೋಗಿ ಅತ್ತ. ಹಳೆಯ ಗಾಯ ಮುಖ ಕಂಡೊಡನೆ ಎದ್ದಿತು. ಅವನು ದೇವಭಕ್ತನಲ್ಲ ಎಂದು ಯಾರೂ ಹೇಳುವುದಿಲ್ಲವಲ್ಲ. ಎಷ್ಟು ಸಾರಿ ಕ್ಷಮಿಸಬೇಕು ಎಂದು ಕೇಳಿದ ಶಿಷ್ಯ ಪೇತ್ರನಿಗೆ ಯೇಸುವಿನಿಂದ 'ಏಳೆಪ್ಪತ್ತು ಸಾರಿ' ಎಂಬ ಉತ್ತರ ಸಿಕ್ಕಿತಲ್ಲ, ಅದರಲ್ಲಿ ಎಷ್ಟೋ ಸಾರಿ ಒಂದೇ ತಪ್ಪಿಗೇ ಖರ್ಚಾಗುತ್ತವೆ ಎಂದು ನನಗೆ ಅನ್ನಿಸುತ್ತದೆ.

ಕ್ಷಮಿಸಿದೆ ಎಂದ ಮಾತ್ರಕ್ಕೆ ಅಣ್ಣ ತಂದ ಪತ್ರಕ್ಕೆಲ್ಲ ಕಣ್ಣುಮುಚ್ಚಿ ಸಹಿ ಹಾಕಬೇಕಿಲ್ಲ. ಕಂಚುಗಾರ ಅಲೆಕ್ಸಾಂದ್ರನು ತನಗೆ ಬಹಳ ಕೇಡು ಮಾಡಿದನೆಂದು ಅಪೊಸ್ತಲ ಪೌಲನು ತನ್ನ ಜೊತೆ ಸೇವಕ ತಿಮೊಥೆಯನಿಗೆ ಬರೆಯುತ್ತಾನೆ. ತೀರ್ಪನ್ನು ಕರ್ತನಿಗೆ ಬಿಡುತ್ತಾನೆ, 'ನೀನೂ ಅವನ ವಿಷಯದಲ್ಲಿ ಎಚ್ಚರಿಕೆಯಾಗಿರು' ಎಂದೂ ಸೇರಿಸುತ್ತಾನೆ. ಮತ್ತಾಯದ ಅದೇ ಅಧ್ಯಾಯದಲ್ಲಿ, ಸಾಲದ ಸಾಮ್ಯಕ್ಕೂ ಮುಂಚೆ, ತಪ್ಪು ಮಾಡಿದ ಸಹೋದರನ ಬಳಿ ಒಬ್ಬನೇ ಹೋಗಿ ತಪ್ಪನ್ನು ತಿಳಿಸು, ಕೇಳದಿದ್ದರೆ ಇನ್ನೂ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಮೇಲೆ ಸಭೆಗೆ ಹೇಳು ಎಂದಿದೆ. ಈ ದಾರಿಯಲ್ಲಿ ಮೊದಲ ಹೆಜ್ಜೆಯನ್ನಾದರೂ ನೀವು ಇಟ್ಟಿದ್ದೀರಾ? ನಾನು ಇಟ್ಟಿರಲಿಲ್ಲ. ಎಲ್ಲರ ಮುಂದೆ ನೋವು ತೋಡಿಕೊಂಡೆ, ಆ ಗೆಳೆಯನೊಬ್ಬನ ಹತ್ತಿರ ಮಾತ್ರ ಹೋಗಲಿಲ್ಲ.

ಕೊನೆಗೆ ಹೋದೆ. ಅವನು ತಪ್ಪೊಪ್ಪಿಕೊಳ್ಳಲಿಲ್ಲ, ಮಾತು ತೇಲಿಸಿದ. ನಮ್ಮ ಗೆಳೆತನ ಮತ್ತೆ ಕೂಡಿಲ್ಲ. ಅದರ ದುಃಖ ಇದೆ. ಆದರೆ ಅವನ ಮಗು ಆಸ್ಪತ್ರೆಯಲ್ಲಿದ್ದಾಗ ಆ ಮಗುವಿನ ಹೆಸರು ಹಿಡಿದು ಮೊಣಕಾಲೂರಿದೆ. ಎದ್ದ ಮೇಲೆಯೇ ನೆನಪಾಯಿತು, ಅದು ಯಾರ ಮಗು ಎಂದು.