ಕಾಫಿಗೆ ಕಳಿಸಿದ ಅಪ್ಪ

ನಮಸ್ಕಾರ.

ನಿಮ್ಮ 'ಅಪ್ಪನ ಹೋರಾಟ' ಲೇಖನವನ್ನು ಎರಡು ಸಲ ಓದಿದೆ. ಹನ್ನೊಂದು ಪುಟ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಮೊದಲೇ ಹೇಳಿಬಿಟ್ಟೆ, ಕೊನೆಯವರೆಗೆ ಕಾಯಿಸುವುದು ಬೇಡ ಅಂತ. ಆದರೆ ಸುಮ್ನೆ 'ವಿಷಾದಿಸುತ್ತೇವೆ' ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ. ಈ ಹನ್ನೊಂದು ಪುಟದೊಳಗೆ ಮೂರು ಒಳ್ಳೆಯ ಪುಟಗಳಿವೆ. ಅವು ಎಲ್ಲಿವೆ ಎಂದು ನಿಮಗೇ ಗೊತ್ತಿದ್ದ ಹಾಗೆ ಕಾಣಲಿಲ್ಲ. ಅಪ್ಪ ಅಮ್ಮನ ಕಾಯಿಲೆಯ ಬಗ್ಗೆ ಇಂಥ ಬರಹಗಳು ಈಚೆಗೆ ಜಾಸ್ತಿ ಬರುತ್ತಿವೆ. ಹಾಗಾಗಿ ನಿಮ್ಮನ್ನು ಕೇಳಿಯೇ, ಹೆಸರು, ಊರು ಬಿಟ್ಟು, ಎಲ್ಲರೂ ಓದುವ ಹಾಗೆ ಉತ್ತರ ಬರೆಯುತ್ತಿದ್ದೇನೆ.

ಓದುಗರಿಗಾಗಿ ಕತೆಯನ್ನು ನಾಲ್ಕು ಮಾತಲ್ಲಿ ಹೇಳುತ್ತೇನೆ. ನಿಮ್ಮ ಅಪ್ಪನಿಗೆ 76. ಮಲೆನಾಡಿನ ಅಡಿಕೆ ಬೆಳೆಗಾರರು. ಮೀಸೆ ಮೂಡಿದ ಕಾಲದಿಂದ ಕವಳ (ಎಲೆಯಡಿಕೆ) ಹಾಕಿದವರು. ಎಡಗೆನ್ನೆಯ ಒಳಗೆ ಎದ್ದ ಹುಣ್ಣು ವಾಸಿಯಾಗಲೇ ಇಲ್ಲ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಬಂತು. ಬೆಂಗಳೂರಿನಲ್ಲಿರುವ ನೀವು ಅವರನ್ನು ಕರೆಸಿಕೊಂಡಿರಿ. ದವಡೆಯ ಒಂದು ಭಾಗ ತೆಗೆದು, ತೊಡೆಯಿಂದ ಚರ್ಮ, ಮಾಂಸ ತಂದು ಕೂರಿಸಿದರು. ಆಮೇಲೆ ಆರು ವಾರ ರೇಡಿಯೇಶನ್. ಇದೆಲ್ಲ ಮುಗಿದು ಎಂಟು ತಿಂಗಳಾಗಿದೆ. ಅಪ್ಪ ಊರಲ್ಲಿದ್ದಾರೆ. ಮಾತು ಸ್ಪಷ್ಟವಿಲ್ಲ. ಮಿಕ್ಸಿಗೆ ಹಾಕಿದ ಅನ್ನ, ಗಂಜಿ ಊಟ.

ಈಗ ನಿಮ್ಮ ನಾಲ್ಕನೇ ಪುಟಕ್ಕೆ ಬನ್ನಿ. ಡಾಕ್ಟರು ಚೀಟಿಯ ಹಿಂಬದಿಯಲ್ಲಿ ದವಡೆಯ ಚಿತ್ರ ಬರೆದು, ಎಲ್ಲಿಂದ ಎಲ್ಲಿಗೆ ಕತ್ತರಿಸಬೇಕು ಎಂದು ಗೆರೆ ಎಳೆದು ತೋರಿಸುತ್ತಾರೆ. ನೀವು ಅದರ ಫೋಟೋ ತೆಗೆದು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕುತ್ತೀರಿ. ಅದಕ್ಕೂ ಮುಂಚೆ ಒಂದು ಸಾಲಿದೆ: 'ಅಪ್ಪನನ್ನು ಕಾಫಿ ಕುಡಿಯಲು ಭಾವನ ಜೊತೆ ಕ್ಯಾಂಟೀನಿಗೆ ಕಳಿಸಿದೆವು.'

ಇಲ್ಲಿ ನಾನು ಓದುವುದನ್ನು ನಿಲ್ಲಿಸಿದೆ. ಅದರ ಹಿಂದಿನ ಪುಟದಲ್ಲಿ ನೀವೇ ಬರೆದಿದ್ದೀರಿ, ಅಪ್ಪನ ಬಾಯಿ ಒಂದೂವರೆ ಬೆರಳಿಗಿಂತ ಹೆಚ್ಚು ತೆರೆಯುತ್ತಿರಲಿಲ್ಲ ಎಂದು. ಬಾಯಿಯ ಡಾಕ್ಟರುಗಳು ಹಾಗೇ ಬೆರಳಿಟ್ಟು ಅಳೆಯುತ್ತಾರೆ. ಹಾಗಿದ್ದರೆ ಅವತ್ತು ಕಾಫಿ ಹೇಗೆ ಕುಡಿದರು? ಬಸಿಗೆ ಹಾಕಿಕೊಂಡು ಹೀರಿದರಾ? ಖಾರದ್ದು, ಬಿಸಿದು ತಾಗಿದರೆ ಕೆನ್ನೆ ಉರಿಯುತ್ತಿತ್ತಲ್ಲ? ಅಥವಾ ಲೋಟ ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದರಾ? ನಿಮಗೆ ಗೊತ್ತಿಲ್ಲ, ಯಾಕೆಂದರೆ ನೀವು ಮೇಲಿದ್ದಿರಿ. ಭಾವನಿಗೆ ಗೊತ್ತು. ಇವತ್ತೇ ಫೋನ್ ಮಾಡಿ ಕೇಳಿ.

ನನ್ನ ಆಕ್ಷೇಪ ಇಷ್ಟೇ. ನಿಮ್ಮ ಲೇಖನದಲ್ಲಿ ಡಾಕ್ಟರಿದ್ದಾರೆ, ಅಕ್ಕ ಭಾವ ಇದ್ದಾರೆ, ರಾತ್ರಿ ಎರಡು ಗಂಟೆಗೆ ಗೂಗಲ್ ಮಾಡುವ ನೀವಿದ್ದೀರಿ. ಅಪ್ಪ ಮಾತ್ರ ಕ್ಯಾಂಟೀನಿನಲ್ಲಿದ್ದಾರೆ. ಹನ್ನೊಂದನೇ ಪುಟದವರೆಗೂ ಅವರು ಅಲ್ಲಿಂದ ವಾಪಸ್ ಬರುವುದಿಲ್ಲ.

ಇದನ್ನು ತಪ್ಪು ಹುಡುಕಲು ಹೇಳುತ್ತಿಲ್ಲ. ನಾವೂ ಇದನ್ನೇ ಮಾಡಿದವರು. ನಮ್ಮ ಅಪ್ಪನಿಗೆ ಅನ್ನನಾಳದ ಕ್ಯಾನ್ಸರ್ ಆದಾಗ ಮನೆಯವರೆಲ್ಲ ಸೇರಿ 'ಅಲ್ಸರ್' ಎಂದು ಹೇಳಿದೆವು. ಮಾಡಿದ ಉಪಾಯವೇನೋ ಭಾರಿಯದ್ದು. ಆದರೆ ಚಿಕಿತ್ಸೆಗೆ ಕರೆದುಕೊಂಡು ಹೋಗಿದ್ದು ಕಿದ್ವಾಯಿಗೆ. 1973ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕ್ಯಾನ್ಸರ್ ಆಸ್ಪತ್ರೆ. ರಫಿ ಅಹ್ಮದ್ ಕಿದ್ವಾಯಿ ಎಂಬ ಸ್ವಾತಂತ್ರ್ಯ ಹೋರಾಟಗಾರ, ಕೇಂದ್ರ ಮಂತ್ರಿಯ ಹೆಸರು ಅದು ಎಂದು ಎಷ್ಟು ಜನರಿಗೆ ಗೊತ್ತೋ. ಕರ್ನಾಟಕದಲ್ಲಿ ಅದು ಕಾಯಿಲೆಯ ಹೆಸರೇ ಆಗಿಬಿಟ್ಟಿದೆ. 'ಕಿದ್ವಾಯಿಗೆ ತೋರಿಸ್ತಿದಾರಂತೆ' ಅಂದರೆ ಮುಂದೆ ಏನೂ ಕೇಳಬೇಕಾಗಿಲ್ಲ, ಅಲ್ವಾ? ಬಸ್ಸಿನಲ್ಲಿ ಕಂಡಕ್ಟರ್ 'ಕಿದ್ವಾಯಿ ಯಾರ್ರೀ' ಎಂದು ಕೂಗಿದ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಪ್ಪ ನಮಗಿಂತ ಮೊದಲು ಎದ್ದು ಬಾಗಿಲ ಹತ್ತಿರ ಹೋಗಿ ನಿಂತಿದ್ದರು.

ನಿಮ್ಮ ಅಪ್ಪನಿಗೂ ಗೊತ್ತಿತ್ತು ಎಂದು ನನ್ನ ಅನುಮಾನ. ಒಂಬತ್ತನೇ ಪುಟದಲ್ಲಿ ಫೈಲನ್ನು ನೋಡುತ್ತಾ ಅವರು 'ಎಂಥದಂತೆ ಮಾರಾಯ?' ಎನ್ನುತ್ತಾರೆ. ಅಷ್ಟೇ. ನೀವು 'ಏನಿಲ್ಲ, ಒಂದು ಸಣ್ಣ ಆಪರೇಷನ್' ಎಂದು ಉತ್ತರ ಕೊಟ್ಟು ಮುಂದಿನ ಪ್ಯಾರಾದಲ್ಲಿ ಟ್ರಾಫಿಕ್ ಬಗ್ಗೆ ಬರೆದಿದ್ದೀರಿ. ಅಪ್ಪ ನಂಬಿದರಾ? ಮತ್ತೆ ಕೇಳಿದರಾ? ಯಾಕೆ ಕೇಳಲಿಲ್ಲ? ಈ ಮೂರು ಪ್ರಶ್ನೆಗೆ ಉತ್ತರ ಬರೆದರೆ ಟ್ರಾಫಿಕ್ ಬೇಕಾಗುವುದಿಲ್ಲ.

'ನಾವು ಆಪರೇಷನ್ ಎಂದು ತೀರ್ಮಾನಿಸಿದೆವು' ಎಂಬ ವಾಕ್ಯ ನಾಲ್ಕು ಕಡೆ ಬಂದಿದೆ. ಯಾರು ಈ 'ನಾವು'? ಅಮ್ಮ ಇದ್ದರಾ ಅದರಲ್ಲಿ? ಅಕ್ಕ ಒಪ್ಪಿದ್ದರಾ, ಅಥವಾ ತಮ್ಮನ ಜೊತೆ ಜಗಳ ಯಾಕೆ ಎಂದು ಸುಮ್ಮನಾದರಾ? ಫಾರಂಗೆ 'ನಾನೇ ಸಹಿ ಹಾಕಿದೆ' ಎಂದು ಜವಾಬ್ದಾರಿ ಹೊತ್ತ ಮಗನ ಧಾಟಿಯಲ್ಲಿ ಬರೆದಿದ್ದೀರಿ. 2008ರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತ್ತು. ಅರಿವಳಿಕೆಯಲ್ಲಿ ಮಲಗಿದ್ದ ವಯಸ್ಕ ಮಹಿಳೆಯ ಬದಲು ಅವರ ತಾಯಿಯಿಂದ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂದು. ನಿಮ್ಮ ಅಪ್ಪ ಅವತ್ತು ಎಚ್ಚರವಾಗಿದ್ದರು. ಸೊಸೈಟಿಯ ಲೆಕ್ಕವನ್ನು ಕನ್ನಡಕವಿಲ್ಲದೆ ಓದುತ್ತಾರೆ ಎಂದು ನೀವೇ ಹೆಮ್ಮೆಯಿಂದ ಬರೆದಿದ್ದೀರಿ. ನಿಮ್ಮನ್ನು ಕಟಕಟೆಗೆ ನಿಲ್ಲಿಸುವುದು ನನ್ನ ಕೆಲಸವಲ್ಲ. ಆ ಪೆನ್ನು ನಿಮ್ಮ ಕೈಗೆ ಬಂದಾಗ ಒಂದು ಕ್ಷಣವಾದರೂ ಏನೋ ಅನ್ನಿಸಿರಬೇಕು. ಅದನ್ನು ಬರೆಯಿರಿ.

ಒಂದು ಮಾತು ನಿಮ್ಮ ಪರವಾಗಿ. 'ನಂಗೆಂತ ಗೊತ್ತಾಗ್ತು, ನೀವೇ ನೋಡ್ಕಳಿ' ಎನ್ನುವ ಅಪ್ಪಂದಿರು ಬೇಕಾದಷ್ಟು ಇದ್ದಾರೆ. ಅದೂ ಅವರದೇ ತೀರ್ಮಾನ. ನಿಮ್ಮ ಅಪ್ಪ ಹಾಗೆ ಹೇಳಿದ್ದರೆ, ಯಾವ ಹೊತ್ತಲ್ಲಿ, ಯಾವ ದನಿಯಲ್ಲಿ ಹೇಳಿದರು ಎಂದು ಬರಲಿ. ಹೇಳಿರದಿದ್ದರೆ, ನೀವು ಕೇಳಲಿಲ್ಲ ಎಂದು ಬರಲಿ.

ಇನ್ನು ಆರನೇ ಪುಟದ ಆವರಣ ಚಿಹ್ನೆ. ಅದಕ್ಕಾಗಿ ನಿಮ್ಮ ಮೇಲೆ ನಿಜವಾಗಿ ಸಿಟ್ಟು ಬಂತು. 'ಅಪ್ಪ (ಮೊದಲೆಲ್ಲ ತಾಳಮದ್ದಲೆಯಲ್ಲಿ ಅರ್ಥ ಹೇಳುತ್ತಿದ್ದರು) ಆಪರೇಷನ್ ನಂತರ ಮೌನವಾಗಿದ್ದರು.' ಅಲ್ಲ ಸ್ವಾಮಿ, ಇದನ್ನು ಆವರಣದೊಳಗೆ ಹಾಕುವುದಾ? ಯಕ್ಷಗಾನವೇ, ಆದರೆ ವೇಷವಿಲ್ಲ, ಕುಣಿತವಿಲ್ಲ, ಕೂತ ಜಾಗದಲ್ಲೇ ಬರೀ ನಾಲಿಗೆಯಿಂದ ವಾಲಿಯನ್ನೋ ಕರ್ಣನನ್ನೋ ಬೆಳಗಿನವರೆಗೆ ಎದುರಿಗೆ ತಂದು ನಿಲ್ಲಿಸುವ ಕಲೆ. ಆ ಮನುಷ್ಯನ ದವಡೆಯ ಬಗ್ಗೆ ಬೇರೆಯವರು ತೀರ್ಮಾನ ಮಾಡುತ್ತಿದ್ದಾರೆ. ಇಡೀ ಲೇಖನ ಇಲ್ಲಿದೆ. ಆಪರೇಷನ್ ಆದ ಮೇಲೆ ಮಾತು ಎಷ್ಟು ಉಳಿಯುತ್ತದೆ ಎಂದು ಡಾಕ್ಟರನ್ನು ಯಾರಾದರೂ ಕೇಳಿದಿರಾ? ನಿಮ್ಮ ಪಟ್ಟಿಯಲ್ಲಿ ಎಷ್ಟು ವರ್ಷ ಬದುಕುತ್ತಾರೆ, ಎಷ್ಟು ಖರ್ಚು, ಎಷ್ಟು ದಿನ ವಾರ್ಡಿನಲ್ಲಿ, ಈ ಮೂರೇ ಪ್ರಶ್ನೆ ಕಂಡವು. ಕೇಳಲಿಲ್ಲ ಅಂದರೆ ಅದನ್ನೂ ಬರೆಯಬಹುದು.

ಆಮೇಲೆ ಒಂದು ವಿಷಯವನ್ನು ತಪ್ಪಾಗಿ ಬರೆದಿದ್ದೀರಿ, ಸರಿಮಾಡಲೇಬೇಕು. ಡಾಕ್ಟರು ಮೂರು ದಾರಿ ಹೇಳಿದರು ಎನ್ನುತ್ತೀರಿ. ಆಪರೇಷನ್ ಮತ್ತು ರೇಡಿಯೇಶನ್; ಬರೀ ರೇಡಿಯೇಶನ್; ಮೂರನೆಯದು 'ಏನೂ ಮಾಡದೆ ಬಿಟ್ಟುಬಿಡುವುದು'. ಕೆನ್ನೆಯ ಕ್ಯಾನ್ಸರಿಗೆ, ದೇಹ ತಡೆದುಕೊಳ್ಳುವಂತಿದ್ದರೆ, ಮೊದಲು ಆಪರೇಷನ್ನನ್ನೇ ಹೇಳುತ್ತಾರೆ. ನೀವು ಆರಿಸಿದ್ದು ವೈದ್ಯಕೀಯವಾಗಿ ಸರಿಯಾದ ದಾರಿಯೇ. ಆ ಬಗ್ಗೆ ನನ್ನ ತಕರಾರಿಲ್ಲ. ಆದರೆ ಮೂರನೆಯದಕ್ಕೆ 'ಏನೂ ಮಾಡದೆ' ಎಂದು ಹೇಳಬೇಡಿ. ನೋವು ಇಳಿಸುವುದು, ಗಾಯಕ್ಕೆ ದಿನಾ ಡ್ರೆಸ್ಸಿಂಗ್, ವಾಸನೆ ಬರದಂತೆ ನೋಡಿಕೊಳ್ಳುವುದು, ನುಂಗಲು ಆಗದಿದ್ದರೆ ಮೂಗಿನ ನಳಿಕೆ, ಇದೆಲ್ಲ ಕೆಲಸವೇ. ಬೆಂಗಳೂರಿನ ಕರುಣಾಶ್ರಯದವರು 1999ರಿಂದ ಇದನ್ನೇ ಮಾಡುತ್ತಿದ್ದಾರೆ, ರೋಗಿಗಳಿಂದ ಒಂದು ಪೈಸೆ ತೆಗೆದುಕೊಳ್ಳದೆ. ಹಿಂದೆ ತೀವ್ರ ನೋವಿಗೆ ಕೊಡುವ ಮಾರ್ಫಿನ್ ಮಾತ್ರೆ ಸಿಗುವುದೇ ಕಷ್ಟವಿತ್ತು. 1985ರ ಮಾದಕ ವಸ್ತು ಕಾಯ್ದೆಗೆ 2014ರಲ್ಲಿ ತಿದ್ದುಪಡಿ ತಂದು ಅದನ್ನು ಸ್ವಲ್ಪ ಸಡಿಲ ಮಾಡಿದರು. ನಿಮ್ಮ ಲೇಖನ ಓದುವವರಲ್ಲಿ 85 ದಾಟಿದ ಅಪ್ಪನನ್ನು ನೋಡಿಕೊಳ್ಳುತ್ತಿರುವವರೂ ಇರುತ್ತಾರೆ. ಅವರಿಗೆ ಆ ಮೂರನೆಯ ದಾರಿಯೇ ಸರಿಯಿರಬಹುದು. ನಿಮ್ಮ ಒಂದು ಸಾಲು ಅವರನ್ನು ಅಪರಾಧಿಗಳನ್ನಾಗಿ ಮಾಡುತ್ತದೆ.

ದೊಡ್ಡಪ್ಪ 'ಒಂದ್ಸಲ ನರಸೀಪುರಕ್ಕೆ ಹೋಗಿ ಬರೋಣ' ಎಂದಿದ್ದನ್ನು 'ಅಜ್ಞಾನ' ಎಂಬ ಒಂದೇ ಪದದಲ್ಲಿ ಮುಗಿಸಿದ್ದೀರಿ. ಆನಂದಪುರದ ಹತ್ತಿರದ ಆ ಊರಿನಲ್ಲಿ ಮರದ ಚಕ್ಕೆಯ ಔಷಧಿಗೆ ಜನ ಹಿಂದಿನ ರಾತ್ರಿಯೇ ಬಂದು ಸಾಲಿನಲ್ಲಿ ಮಲಗುತ್ತಿದ್ದದ್ದು ನಿಮ್ಮ ಕಡೆಯವರಿಗೆ ಹೊಸದಲ್ಲ. ಚಕ್ಕೆಯ ಕಷಾಯದಿಂದ ಕೆನ್ನೆಯ ಗಡ್ಡೆ ಕರಗುತ್ತದೆ ಎಂದು ನಾನು ನಂಬುವುದಿಲ್ಲ. ಅದನ್ನೇ ಕುಡಿಯುತ್ತಾ ಆಪರೇಷನ್ ಮುಂದೆ ಹಾಕಿದರೆ ಗಡ್ಡೆ ಬೆಳೆಯುತ್ತದೆ, ಅದನ್ನೂ ಸ್ಪಷ್ಟವಾಗಿ ಬರೆಯಿರಿ. ಆದರೆ ಅಪ್ಪ ದೊಡ್ಡಪ್ಪನ ಮಾತಿಗೆ ತಲೆಯಾಡಿಸಿದರು ಎಂದು ನೀವೇ ಹೇಳಿದ್ದೀರಿ. ಯಾವ ಚಿಕಿತ್ಸೆ ಎಂಬ ಬಗ್ಗೆ ಇಡೀ ಲೇಖನದಲ್ಲಿ ಅವರು ತಮ್ಮ ಇಷ್ಟ ತೋರಿಸಿದ ಒಂದೇ ಜಾಗ ಅದು. ಯಾಕೆ ತಲೆಯಾಡಿಸಿದರು? ಅಲ್ಲಿ ಯಾರೂ ಕತ್ತಿ ಹಿಡಿಯುವುದಿಲ್ಲ ಎಂದೋ? ಅಲ್ಲಿ ರೋಗಿಯನ್ನು ಕಾಫಿಗೆ ಕಳಿಸುವುದಿಲ್ಲ ಎಂದೋ?

ಅಡಿಕೆಯ ವಿಷಯ ಸ್ವಲ್ಪ ಸೂಕ್ಷ್ಮ. ಕಾರಣ ಹೇಳುವಾಗ 'ತಂಬಾಕು' ಎಂದು ಐದು ಸಲ ಬರೆದಿದ್ದೀರಿ, 'ಅಡಿಕೆ' ಎಂದು ಒಂದು ಸಲವೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು 2004ರಲ್ಲೇ ಹೇಳಿದೆ. ಬೆಳೆಗಾರರ ಮನೆಯಲ್ಲಿ ಇದನ್ನು ಹೇಳುವುದು ಕಷ್ಟ. ನಿಮ್ಮ ಓದಿನ ಫೀಸು ಅಡಿಕೆಯದ್ದು. ಆಸ್ಪತ್ರೆಯ ಅಡ್ವಾನ್ಸೂ ಚಾಲಿ (ಒಣಗಿಸಿದ ಅಡಿಕೆ) ಮಾರಿದ ದುಡ್ಡೇ. ಉಪದೇಶ ಬೇಡ, ವಾದವೂ ಬೇಡ. ಅಪ್ಪನ ಕವಳದ ಸಂಚಿ ಈಗ ಎಲ್ಲಿದೆ ಎಂದು ಬರೆದರೆ ಸಾಕು.

ದುಡ್ಡಿನ ಮಾತು ಬಂತಲ್ಲ. 'ನಮಗೆ ಹಣ ಮುಖ್ಯವಾಗಿರಲಿಲ್ಲ' ಎಂಬುದನ್ನು ಯಾರೂ ನಂಬುವುದಿಲ್ಲ, ತೆಗೆಯಿರಿ. ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಎಪಿಎಲ್ ಆದರೆ ಪ್ಯಾಕೇಜಿನ ಶೇ. 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಒಳಗೆ. ನಿಮ್ಮದು ಯಾವ ಕಾರ್ಡು? ಉಳಿದದ್ದನ್ನು ಯಾರು ಕಟ್ಟಿದರು? ಅಕ್ಕ ಎಷ್ಟು ಕೊಟ್ಟರು? 'ಅಡಿಕೆ ಕೊನೆಕೊಯ್ಲು ಮುಗೀಲಿ, ಆಮೇಲೆ ನೋಡೋಣ' ಎಂದು ಅಪ್ಪ ಎರಡು ತಿಂಗಳು ಮುಂದೂಡಿದರಲ್ಲ, ಅದು ಹೆದರಿಕೆಯೋ, ಲೆಕ್ಕಾಚಾರವೋ? ಎರಡೂ ಇರಬಹುದು.

ಭಾಷೆಯ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಮೊದಲ ಎರಡು ಪುಟ, ಅಂದರೆ ಕ್ಯಾನ್ಸರ್ ಎಂದರೇನು ಎಂಬ ಪಾಠ, ಪೂರ್ತಿ ಹೋಗಲಿ. 'ಮಹಾಮಾರಿ', 'ಯೋಧ', 'ಸಮರ' ಹೋಗಲಿ. ಶೀರ್ಷಿಕೆಯೂ ಹೋಗಲಿ. ನಿಮ್ಮ ಅಪ್ಪ ಹೋರಾಡಿದ್ದು ನನಗೆ ಕಾಣಲಿಲ್ಲ. ರೇಡಿಯೇಶನ್ನಿಗೆ ಅಳತೆ ತೆಗೆಯುವಾಗ ಬಿಸಿನೀರಿನಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಜಾಲರಿಯನ್ನು ಮುಖದ ಮೇಲೆ ಒತ್ತಿದರು, ಅದು ಗಟ್ಟಿಯಾಗುವವರೆಗೆ ಅಪ್ಪ ಕಣ್ಣು ಮುಚ್ಚಿ ಕಾಲಿನ ಹೆಬ್ಬೆರಳು ಆಡಿಸುತ್ತಿದ್ದರು ಎಂದು ಬರೆದಿದ್ದೀರಲ್ಲ, ಅದು ಕಂಡಿತು. ಆ ಹೆಬ್ಬೆರಳನ್ನು ಮುಟ್ಟಬೇಡಿ, ಹಾಗೇ ಇರಲಿ. ಭಾಗವತರ ತಾಳಕ್ಕೆ ಅದು ಆಡುತ್ತಿತ್ತು ಎಂದು ಮಾತ್ರ ದಯವಿಟ್ಟು ಸೇರಿಸಬೇಡಿ. ನಿಮಗೆ ಆಸೆಯಾಗುತ್ತದೆ, ನನಗೆ ಗೊತ್ತು.

ಮತ್ತೆ, ಹತ್ತು ಪುಟ 'ನನ್ನ ತಂದೆಯವರು' ಅಥವಾ 'ಅಪ್ಪ' ಎಂದು ಬರೆದು, ಐಸಿಯು ಬಾಗಿಲಲ್ಲಿ ಒಂದೇ ಒಂದು ಸಲ 'ಅಪ್ಪಯ್ಯ' ಎಂದಿದ್ದೀರಿ. ಬಹುಶಃ ಮರೆತು. ಮನೆಯಲ್ಲಿ ಕರೆಯುವುದು ಹಾಗೇ ಅಲ್ಲವೇ? ಹಾಗೇ ಬರೆಯಿರಿ.

ಆಸ್ಪತ್ರೆಯ ಹೆಸರು ಹಾಕದಿದ್ದದ್ದು ಒಳ್ಳೆಯದಾಯಿತು. ಡಾಕ್ಟರು ನಾಲ್ಕು ನಿಮಿಷ ಮಾತ್ರ ಮಾತಾಡಿದರು ಎಂಬ ಸಿಟ್ಟು ನಿಮಗಿದೆ. ಇರಲಿ. ಆದರೆ ಹೊರಗೆ ಬೆಂಚಿನ ಮೇಲೆ ಇನ್ನೆಷ್ಟು ಜನ ಕಾಯುತ್ತಿದ್ದರು ಎಂದು ಒಂದು ಸಾಲು ಹಾಕಿ.

ತಿದ್ದಿ ಬರೆದ ಮೇಲೆ ನನಗೆ ಕಳಿಸುವ ಮುಂಚೆ ಊರಿಗೆ ಹೋಗಿ ಅಪ್ಪಯ್ಯನಿಗೆ ಓದಿ ಹೇಳಿ. ಪೂರ್ತಿ, ಕ್ಯಾಂಟೀನಿನ ಸಾಲು ಸೇರಿಸಿ. ಅವರು ಬೇಡ ಎಂದರೆ ಕಳಿಸಬೇಡಿ, ನನಗೆ ಬೇಜಾರಿಲ್ಲ. ತಿದ್ದುಪಡಿ ಹೇಳಿದರೆ ಮಾಡಿ. ಮಾತು ಸ್ಪಷ್ಟವಿಲ್ಲದಿದ್ದರೆ ಸ್ಲೇಟಿನಲ್ಲಿ ಬರೆಯುತ್ತಾರೆ ಎಂದಿದ್ದೀರಲ್ಲ, ಸಮಯ ಕೊಡಿ. ಅರ್ಥ ಹೇಳಿದವರು, ನಿಮಗಿಂತ ಚೆನ್ನಾಗಿಯೇ ಪದ ಹುಡುಕುತ್ತಾರೆ.

ಲೇಖನದ ಜೊತೆ ಕಳಿಸಿದ್ದ, ಆಪರೇಷನ್ ಆದ ಮರುದಿನದ ಅವರ ಮುಖದ ಫೋಟೋವನ್ನು ನಮ್ಮ ಕಂಪ್ಯೂಟರಿನಿಂದ ಅಳಿಸಿದ್ದೇನೆ. ಅದನ್ನು ಹಾಕುವುದಿಲ್ಲ. ಚೀಟಿಯ ಹಿಂಬದಿಯ ಆ ದವಡೆಯ ಚಿತ್ರ ಇನ್ನೂ ಗ್ರೂಪಿನಲ್ಲಿದ್ದರೆ, ಅದನ್ನು ಕಳಿಸಿ. ಅವರಿಗೆ ತೋರಿಸಿ ಆಮೇಲೆ.