ಗೆಳೆಯನಿಗೆ ಚಟ್ನಿ ಒಯ್ಯಿರಿ, ಮನಾಂಗ್‌ಗೆ ಮಾತ್ರ ಬೇಡ

ಟಿಳಕವಾಡಿಯಿಂದ ಬಂದ ಒಂದು ಪತ್ರ ಓದಿ ಸಿಟ್ಟು ನೆತ್ತಿಗೇರಿತು. ಬರೆದವರ ಮೇಲೆ ಸ್ವಲ್ಪ, ಅವರ ಭಾವಮೈದುನನ ಮೇಲೆ ಪೂರ್ತಿ.

ಸಂಗತಿ ಇಷ್ಟು. ಇವರ ಕಾಲೇಜು ದಿನದ ಗೆಳೆಯ, ತಾಯಿ ತೀರಿಕೊಂಡ ಮೇಲೆ ಯಾವುದರಲ್ಲೂ ಮನಸ್ಸಿಲ್ಲದೆ ಕುಂತವನು, ಬರುವ ಅಕ್ಟೋಬರಿನಲ್ಲಿ ನೇಪಾಳಕ್ಕೆ ಹೋಗಿ ಗೈಡ್ ಜೊತೆ ಅನ್ನಪೂರ್ಣಾ ಸುತ್ತಿನ ದಾರಿ ನಡೆಯಲಿದ್ದಾನೆ. 'ಹೊರೆ ಹಗುರ ಇರಲಿ, ಅರ್ಧ ಸಾಮಾನು ನೀ ತಗೊಂಡು ಮನಾಂಗ್‌ಗೆ ಬಾ, ಮುಂದಿನ ಘಟ್ಟ ಇಬ್ರೂ ದಾಟೋಣು' ಅಂದಿದ್ದಾನೆ. ಮನಾಂಗ್ ಆ ದಾರಿಯಲ್ಲಿ ಥೊರಾಂಗ್ ಲಾ ಎಂಬ ಘಟ್ಟಕ್ಕೆ ಮುಂಚೆ ಸಿಗುವ ಊರು. ಕೇಳಿದ್ದು ಉಣ್ಣೆಯ ಕಾಲುಚೀಲ, ಪವರ್ ಬ್ಯಾಂಕು, ಶೇಂಗಾ ಚಟ್ನಿ. ಇವರಿಗೆ ರಜೆ ಹತ್ತು ದಿನ. ಹೆಂಡತಿ ಬೇಡ ಅನ್ನುತ್ತಾರೆ. ಹೋಗದಿದ್ದರೆ ಗೆಳೆತನ ಹೋಗುತ್ತದೆ, ಹೋದರೆ ಮನೆಯ ನೆಮ್ಮದಿ ಹೋಗುತ್ತದೆ, ಏನು ಮಾಡಲಿ ಎಂಬುದು ಪ್ರಶ್ನೆ.

ಗೆಳೆತನದ ಬಗ್ಗೆ ಮೂರು ಪುಟ ತುಂಬಿಸಿ, ಕೊನೆಗೆ ಒಂದು ಸಾಲು ತುರುಕಿದ್ದೀರಿ: 'ಬೆಸಿಸಹರದಿಂದ ಮನಾಂಗ್ ತನಕ ಈಗ ಜೀಪ್ ಹೋಗ್ತಾವ, ಹಂಗಾಗಿ ನನಗ ನಡಿಯೋ ತ್ರಾಸಿಲ್ಲ.' ರಾಯರೇ, ನಿಮ್ಮ ತ್ರಾಸೆಲ್ಲ ಆ ಜೀಪಿನಲ್ಲೇ ಇದೆ.

ಆ ದಾರಿ ಶುರುವಾಗುವ ಊರು ಬೆಸಿಸಹರ ಇರುವುದು 760 ಮೀಟರ್ ಎತ್ತರದಲ್ಲಿ, ಹೆಚ್ಚೂಕಡಿಮೆ ನಮ್ಮ ಬೆಳಗಾವಿಯಷ್ಟೇ. ಮನಾಂಗ್ ಸುಮಾರು 3,540. ಬೆಳಿಗ್ಗೆ ಬೆಳಗಾವಿಯ ಎತ್ತರದಲ್ಲಿ ಚಹಾ ಕುಡಿದು ರಾತ್ರಿ ಅಲ್ಲಿ ಹಾಸಿಗೆ ಹಾಸುತ್ತೀರಿ. 3,000 ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಮೇಲೇರಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ಒಂದು ದಿನ ನಿಲ್ಲಬೇಕು ಎನ್ನುವುದು ಪರ್ವತ ವೈದ್ಯರ ಲೆಕ್ಕ. ನೀವು ಮೂರೇ ದಿನದಲ್ಲಿ ದಾಟಲು ಹೊರಟಿರುವ ಥೊರಾಂಗ್ ಲಾ 5,416 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರದಂಡೆಯ ಅರ್ಧದಷ್ಟು, ಅಂದರೆ ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ ಕಡಿಮೆ.

ನಿಮ್ಮ ಗೆಳೆಯ ಅಷ್ಟೊತ್ತಿಗೆ ದಿನಾ ಇಷ್ಟಿಷ್ಟೇ ಏರಿ ಬಂದಿರುತ್ತಾನೆ. ಉಸಿರಾಟ ಜೋರಾಗಿ, ಅದಕ್ಕೆ ತಕ್ಕಂತೆ ಮೂತ್ರಪಿಂಡಗಳು ರಕ್ತದ ಕ್ಷಾರ ಹೊರಹಾಕಿ, ಮೈ ಆ ಎತ್ತರಕ್ಕೆ ಒಗ್ಗಲು ದಿನಗಳೇ ಬೇಕು. ನೋಡಲು ಅವನು ಸೊರಗಿ, ಮೂಗಿನ ಸಿಪ್ಪೆ ಎದ್ದು, ಗಡ್ಡ ಬಿಟ್ಟು ನಿಂತಿರುತ್ತಾನೆ; ನೀವು ಇಸ್ತ್ರಿ ಅಂಗಿಯ ಹಾಗೆ ಗರಿಗರಿ. ಆದರೆ ಕಾಯಿಲೆ ಬಿದ್ದು ಮಲಗುವವರು ನೀವೇ. ಮೊದಲು ತಲೆನೋವು, ಊಟ ಸೇರದು, ನಿದ್ದೆ ಬಾರದು. ಗೆಳೆಯನ ಖುಷಿ ಕೆಡಬಾರದೆಂದು ನಿಮ್ಮಂಥವರು ಬಾಯಿಬಿಡುವುದಿಲ್ಲ. ಮಿದುಳು ಬಾತರೆ ಹೆಜ್ಜೆ ತಪ್ಪುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬಿದರೆ ಕೂತಲ್ಲೇ ಏದುಸಿರು. ಆಗ ಮೊದಲು ಆಗಬೇಕಾದ ಕೆಲಸ ನಿಮ್ಮನ್ನು ಕೆಳಗಿಳಿಸುವುದು. ಇಳಿಸುವವನು ಯಾರು? ತಾಯಿಯ ದುಃಖ ಹೊತ್ತು ಬಂದ ಅವನೇ. ಸಾಮಾನು ಕೊಡಲು ಹೋದವರು ಅವನ ಬೆನ್ನಿಗೇ ಬೀಳುತ್ತೀರಿ.

ಈಗ ಭಾವಮೈದುನ. ರವಿವಾರಕ್ಕೊಮ್ಮೆ ಯಳ್ಳೂರಿನ ರಾಜಹಂಸಗಡ ಹತ್ತಿಳಿಯುವ ಈ ಮಹಾಶಯ 'ಡೈಮಾಕ್ಸ್ ನುಂಗಿದ್ರ ಆತು, ಅಕ್ಕ ಸುಮ್ಮನ ಅಂಜತಾಳ' ಅಂದನಂತೆ. ಆ ಗುಳಿಗೆ ಮೈ ಒಗ್ಗಲು ನೆರವಾದೀತು, ಒಗ್ಗಲು ಬೇಕಾದ ದಿನಗಳನ್ನು ತಂದುಕೊಡದು; ಸಲ್ಫಾ ಅಲರ್ಜಿ ಇದ್ದವರಂತೂ ವೈದ್ಯರನ್ನು ಕೇಳದೆ ಮುಟ್ಟಬಾರದು. ಸಾಲದ್ದಕ್ಕೆ ಹನ್ನೊಂದು ಕಿಲೋ ಪಟ್ಟಿ ಬೇರೆ ಬರೆದುಕೊಟ್ಟಿದ್ದಾನೆ, ಅದರಲ್ಲಿ ಸ್ಟೋವಿನ ಗ್ಯಾಸ್ ಡಬ್ಬಿ! ಅದನ್ನು ವಿಮಾನದಲ್ಲಿ ಬಿಡುವುದೇ ಇಲ್ಲ. ಆ ದಾರಿಯುದ್ದಕ್ಕೂ ಊಟ ಹಾಕುವ ವಸತಿಗಳಿವೆ, ಮನಾಂಗ್‌ನಲ್ಲಿ ಬೇಕರಿಗಳೂ ಇವೆ. ತಾನು ಹೋಗದ ಊರಿಗೆ ದಾರಿ ಹೇಳುವವರನ್ನು ಪಡಸಾಲೆಯಿಂದಾಚೆ ಕೂರಿಸಿ ಎಂದು ಈ ಅಂಕಣದಲ್ಲಿ ಬರೆದು ಬರೆದು ನನಗೇ ಬೇಸರವಾಗಿದೆ.

ನಿಮ್ಮ ಮನೆಯವರು 'ಅಲ್ಲಿ ಹಿಮದಾಗ ಮಂದಿ ಸತ್ತಿದ್ರಲ್ಲ' ಅಂದದ್ದನ್ನು ನೀವು ಹೆಂಗಸರ ಅಂಜಿಕೆ ಎಂದು ತಳ್ಳಿಹಾಕಿದ್ದೀರಿ. ಅವರಿಗೆ ನೆನಪಿರುವುದು ಸರಿಯಾಗಿಯೇ ಇದೆ. 2014ರ ಅಕ್ಟೋಬರಿನಲ್ಲಿ ವಿಶಾಖಪಟ್ಟಣಕ್ಕೆ ಅಪ್ಪಳಿಸಿದ ಹುದ್‌ಹುದ್ ಚಂಡಮಾರುತದ ಉಳಿಕೆಯೇ ಥೊರಾಂಗ್ ಲಾ ಸುತ್ತ ಹಿಮವಾಗಿ ಸುರಿದು, ಆ ಭಾಗದಲ್ಲಿ ನಲವತ್ತಕ್ಕೂ ಹೆಚ್ಚು ಜನ ಸತ್ತರು. ಇಡೀ ಪತ್ರದಲ್ಲಿ ನಡೆದ ಸಂಗತಿಯೊಂದನ್ನು ಮುಂದಿಟ್ಟು ಮಾತಾಡಿದವರು ಅವರೊಬ್ಬರೇ.

ಮಾಡಬೇಕಾದದ್ದು ಒಂದೇ: ಘಟ್ಟದ ಆಚೆ, ಮಾರ್ಫಾದಲ್ಲಿ ಕಾಯಿರಿ. ಸೇಬಿನ ತೋಟಗಳ ಆ ಊರು 2,700 ಮೀಟರಿನೊಳಗೇ ಇದೆ. ಪೋಖರಾದಿಂದ ಬಸ್ಸು ಹಿಡಿದು, 1,200 ಮೀಟರ್ ಆಸುಪಾಸಿನ ತಾತೋಪಾನಿಯಲ್ಲಿ ಒಂದು ರಾತ್ರಿ ಕಳೆದು, ಬಿಸಿನೀರಿನ ಬುಗ್ಗೆಯಲ್ಲಿ ಮಿಂದು ಮೇಲೆ ಹೋಗಿ. ಅವನು ಘಟ್ಟ ದಾಟಿ ಮುಕ್ತಿನಾಥಕ್ಕೆ ಇಳಿದು ಬರುತ್ತಾನೆ. ಅಲ್ಲಿಂದ ಇಬ್ಬರೂ ಕಾಳಿ ಗಂಡಕಿಯ ದಂಡೆಗುಂಟ ಇಳಿದು ಘೋರೆಪಾನಿಗೆ ನಡೆಯಿರಿ. ನಸುಕಿನಲ್ಲಿ ಪೂನ್ ಹಿಲ್ ಹತ್ತಿದರೆ 8,167 ಮೀಟರಿನ ಧೌಲಗಿರಿ ಎದುರಿಗೇ ನಿಂತಿರುತ್ತದೆ.

ಗೆಳೆಯನಿಗೂ ಒಂದು ಮಾತು ಮುಟ್ಟಿಸಿ: ಘಟ್ಟಕ್ಕೆ ಬೇಕಾದ ಬೆಚ್ಚನೆ ಬಟ್ಟೆ, ಕಾಲುಚೀಲ ಮೊದಲ ದಿನದಿಂದ ಅವನ ಚೀಲದಲ್ಲೇ ಇರಲಿ. ಬೇರೆಯವರು ತರುತ್ತಾರೆಂದು ಅವನ್ನು ಬಿಟ್ಟು ಹೊರಟರೆ, ರಸ್ತೆ ಕುಸಿದ ದಿನ ಏನು ಗತಿ?

ನೀವು ಒಯ್ಯಬೇಕಾದದ್ದು ತಿನಿಸು. ಕುಂದಾ ಬೇಡ, ಹಾಲಿನದು, ದಾರಿಯಲ್ಲೇ ಕೆಡುತ್ತದೆ. ಗೋಕಾಕದ ಕರದಂಟು, ಶೇಂಗಾ ಮತ್ತು ಅಗಸಿ ಚಟ್ನಿ, ಖಡಕ್ ರೊಟ್ಟಿ ಸಾಕು. ರೊಟ್ಟಿ ಇಡಿಯಾಗಿ ಮುಟ್ಟುವುದಿಲ್ಲ. ಮನೆಯಲ್ಲೇ ನಾಲ್ಕು ತುಂಡು ಮಾಡಿ, ತೆಳು ಬಟ್ಟೆಯಲ್ಲಿ ಸುತ್ತಿ, ಡಬ್ಬಿಯಲ್ಲಿ ಅಲುಗದಂತೆ ಬಿಗಿಯಾಗಿ ತುಂಬಿ. ಪವರ್ ಬ್ಯಾಂಕು ಕೈಚೀಲದಲ್ಲೇ ಇರಲಿ, ಲಗೇಜಿಗೆ ಹಾಕುವಂತಿಲ್ಲ. ರೊಟ್ಟಿ ಬಡಿಯಲು ಮನೆಯವರನ್ನು ಕೇಳುವ ಮೊದಲು ಅವರ ಮುಂದೆ ಕೂತು ಈ ಹೊಸ ದಾರಿ ವಿವರಿಸಿ, ಭಾವಮೈದುನ ಇಲ್ಲದ ಹೊತ್ತು ನೋಡಿ.